ಒಂದು ಸೀಮೆಯ ಬರ, ಎಲ್ಲರ ಬೊಕ್ಕಸ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಸಂಘ ಹುಟ್ಟಿ ಬೆಳೆದ ಕಥೆಯನ್ನು ಬಲ್ಲವರು ಈ ಸಂಚಿಕೆಯಲ್ಲೇ ಬೇರೆಡೆ ಬರೆದಿದ್ದಾರೆ. ನಾವು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ, ಸಂಘಕ್ಕಿಂತ ದೊಡ್ಡದಾದ ಒಂದು ಗಂಟಿನ ಚರಿತ್ರೆ ಹೇಳಬೇಕೆಂದಿದ್ದೇವೆ. ಅದು ನಾಡಿನ ಬೊಕ್ಕಸದ ಗಂಟು. ಒಂದು ಸೀಮೆಗೆ ಕಷ್ಟ ಬಂದಾಗ ಇನ್ನೊಂದು ಸೀಮೆಯ ಹಣ ಅಲ್ಲಿಗೆ ಹೇಗೆ ಹೋಯಿತು, ಯಾವಾಗ ಹೋಗಲಿಲ್ಲ, ಹೋಗದಿದ್ದಾಗ ಏನಾಯಿತು ಎಂಬುದೇ ವಿಷಯ.

ಇದಕ್ಕೂ ನಮ್ಮ ಸಂಘಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸರ್ವ ಸದಸ್ಯರ ಸಭೆಯಲ್ಲಿ ಲಾಭ ವಿಲೇವಾರಿ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುವುದು ಎಲ್ಲ ಸಂಘಗಳಲ್ಲೂ ಇದ್ದದ್ದೇ. ‘ನಿವ್ವಳ ಲಾಭದಲ್ಲಿ ಕಾಲು ಭಾಗ ಆಪದ್ಧನ ನಿಧಿಗೆ ಯಾಕೆ ಹೋಗಬೇಕು? ಷೇರುದಾರರಿಗೆ ಡಿವಿಡೆಂಡ್ ಕೊಟ್ಟುಬಿಡಿ’ ಅಂತ. ಕಾಯಿದೆ ಹಾಗೆ ಹೇಳುತ್ತದೆ ಎಂಬ ಉತ್ತರ ಸರಿಯೇ. ಆದರೆ ಕಾಯಿದೆ ಯಾಕೆ ಹಾಗೆ ಹೇಳುತ್ತದೆ ಎಂಬುದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಮುಯ್ಯಾಳಿನ ಮಿತಿ

ನಮ್ಮ ಹಿರಿಯರಿಗೆ ಕೂಡಿ ಬಾಳುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಇತ್ತು. ಮದುವೆಗೆ ಮುಯ್ಯಿ ಇತ್ತು. ಒಬ್ಬರ ಎತ್ತು ಸತ್ತರೆ ಪಕ್ಕದ ಮನೆಯವರ ಎತ್ತು ಬರುತ್ತಿತ್ತು. ಅನುಕೂಲಸ್ಥರು ಹಗೇವಿನಲ್ಲಿ ರಾಗಿ ಇಟ್ಟಿದ್ದು, ಬೇಸಿಗೆಯಲ್ಲಿ ಬಡವರಿಗೆ ಅಳೆದು ಕೊಟ್ಟು, ಸುಗ್ಗಿಯಲ್ಲಿ ವಾಪಸ್ಸು ಪಡೆಯುತ್ತಿದ್ದರು.

ಈ ಏರ್ಪಾಡೆಲ್ಲ ಒಬ್ಬರಿಗೆ ಕಷ್ಟ ಬಂದಾಗ ಚೆನ್ನಾಗಿ ನಡೆಯುತ್ತದೆ. ಊರಿಗೆ ಊರೇ ಕಷ್ಟಕ್ಕೆ ಬಿದ್ದರೆ? ಮಳೆ ಹೋದರೆ ನಿಮ್ಮ ಹೊಲಕ್ಕೂ ಇಲ್ಲ, ನಮ್ಮ ಹೊಲಕ್ಕೂ ಇಲ್ಲ. ಮುಯ್ಯಿ ತೀರಿಸುವವರು ಯಾರು? ಹಗೇವು ಒಂದು ವರ್ಷ ತಡೆದೀತು, ಎರಡನೇ ವರ್ಷ ಅದರ ತಳ ಕಾಣುತ್ತದೆ. ಊರಿನ ಸಾಹುಕಾರನ ಹತ್ತಿರ ಎಲ್ಲರೂ ಒಂದೇ ದಿನ ಸಾಲ ಕೇಳಲು ಹೋದರೆ ಬಡ್ಡಿ ಏರುತ್ತದೆ. ಎಲ್ಲರೂ ಒಂದೇ ಸಂತೆಗೆ ದನ ಹೊಡೆದುಕೊಂಡು ಹೋದರೆ ದನದ ಬೆಲೆ ಬಿದ್ದುಹೋಗುತ್ತದೆ. ಆದ್ದರಿಂದ ಆಪತ್ಕಾಲಕ್ಕೆ ಕಟ್ಟುವ ಗಂಟು, ಮಳೆ ತಪ್ಪಿದ ಸೀಮೆಗಿಂತ ಅಗಲವಾಗಿರಬೇಕು. ಮೋಡಕ್ಕಿಂತ ಬೊಕ್ಕಸ ದೊಡ್ಡದಿರಬೇಕು. ಆಗ ಮಾತ್ರ ಮಳೆ ಆದ ಕಡೆಯಿಂದ ಮಳೆ ಆಗದ ಕಡೆಗೆ ಹಣ ಹರಿದೀತು. ಈ ಸರಳ ಸಂಗತಿಯನ್ನು ನಮ್ಮ ನಾಡು ಬಹಳ ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು.

ಧಾತು, ಈಶ್ವರ ಸಂವತ್ಸರಗಳ ಲೆಕ್ಕ

ಹಳೇ ಮೈಸೂರು ಸೀಮೆಯಲ್ಲಿ ‘ಧಾತು ಈಶ್ವರ ಬರ’ ಎಂಬ ಹೆಸರು ಕೇಳದ ಹಿರಿಯರಿರಲಿಲ್ಲ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಮಹಾ ಕ್ಷಾಮ ಅದು. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.55 ಲಕ್ಷ. ಹತ್ತು ವರ್ಷದ ನಂತರ, 1881ರಲ್ಲಿ ಎಣಿಸಿದಾಗ ಸುಮಾರು 41.86 ಲಕ್ಷ. ಏರಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಮೀರಿ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಹಟ್ಟಿಗಳು ಹಾಳುಬಿದ್ದವೋ, ಎಷ್ಟು ಮನೆಗಳ ದೀಪ ಆರಿತೋ, ಲೆಕ್ಕ ಇಟ್ಟವರಿಲ್ಲ.

ಮನುಷ್ಯರ ಲೆಕ್ಕದ ಜೊತೆಗೆ ಹಣದ ಲೆಕ್ಕವನ್ನೂ ನೋಡಬೇಕು. ಬರಕ್ಕೆ ಮುಂಚೆ ಮೈಸೂರಿನ ಖಜಾನೆಯಲ್ಲಿ ಸುಮಾರು 63 ಲಕ್ಷ ರೂಪಾಯಿ ಉಳಿತಾಯವಿತ್ತು. ಆಗಿನ ಕಾಲಕ್ಕೆ ಸಂಸ್ಥಾನದ ವರ್ಷದ ಹುಟ್ಟುವಳಿಯೇ ಹೆಚ್ಚುಕಡಿಮೆ ಒಂದು ಕೋಟಿ ಎಂದರೆ ಇದು ಸಣ್ಣ ಗಂಟಲ್ಲ. ಆದರೆ ಅದು ಒಂದೇ ಸೀಮೆಯ ಗಂಟು. ಮಳೆ ಹೋಯಿತು, ಕಂದಾಯ ಬಿತ್ತು. ಅದೇ ಹೊತ್ತಿಗೆ ಗಂಜಿ ಕೇಂದ್ರ, ಪರಿಹಾರ ಕಾಮಗಾರಿಗಳ ಖರ್ಚು ಏರಿತು. ಬರುವುದು ಕಡಿಮೆ, ಹೋಗುವುದು ಜಾಸ್ತಿ. 63 ಲಕ್ಷವೂ ಕರಗಿತು. ಅದರ ಮೇಲೆ ಭಾರತ ಸರ್ಕಾರದಿಂದ 80 ಲಕ್ಷ ರೂಪಾಯಿ ತರಬೇಕಾಯಿತು. ಹೇಗೆ ತಂದದ್ದು? ಸಾಲವಾಗಿ.

ಇಲ್ಲೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಮೈಸೂರು ವರ್ಷ ವರ್ಷ 24.5 ಲಕ್ಷ ರೂಪಾಯಿ ಪೊಗದಿಯನ್ನು ಬ್ರಿಟಿಷರಿಗೆ ಸಲ್ಲಿಸಬೇಕಾಗಿದ್ದ ಸಂಸ್ಥಾನ. ಅಂದರೆ ಒಳ್ಳೆ ವರ್ಷಗಳಲ್ಲಿ ಇಲ್ಲಿಂದ ಹಣ ಹೋಗುತ್ತಲೇ ಇತ್ತು. ಕೆಟ್ಟ ವರ್ಷ ಬಂದಾಗ ಅಲ್ಲಿಂದ ಬಂದದ್ದು ಹಿಂದಿರುಗಿಸಬೇಕಾದ ಸಾಲ. ಕೊಡುವಾಗ ಕಪ್ಪ, ಪಡೆಯುವಾಗ ಸಾಲ. ಇದನ್ನು ಹಂಚಿಕೊಂಡ ಬೊಕ್ಕಸ ಎನ್ನಲಾಗದು.

1881ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರಿಗೆ ರಾಜ್ಯ ಹಿಂದಿರುಗಿದಾಗ ಈ 80 ಲಕ್ಷದ ಸಾಲವೂ ಅದರ ಜೊತೆಗೇ ಬಂತು. ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರೂ ಬಂತು. ಬರದ ಪೆಟ್ಟು ನೋಡಿ ಆ ಏರಿಕೆಯನ್ನು ಮೊದಲು 5 ವರ್ಷ, ಆಮೇಲೆ ಮತ್ತೆ 10 ವರ್ಷ ಮುಂದೆ ಹಾಕಿ, ಕೊನೆಗೆ 1896ರಿಂದ ಜಾರಿಗೆ ತಂದರು. ದಿವಾನ್ ರಂಗಾಚಾರ್ಲು ಅವರು ಅಧಿಕಾರ ವಹಿಸಿಕೊಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಖರ್ಚು ಕಡಿತ. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ಕೆಲವು ವರ್ಷ ರದ್ದು ಮಾಡಿ ಬೇರೆ ಜಿಲ್ಲೆಗಳಿಗೆ ಸೇರಿಸಬೇಕಾಯಿತು. ನಾಡು ಸೊರಗಿ ಮಲಗಿದ್ದಾಗ ಸರ್ಕಾರ ಕೈ ಬಿಚ್ಚಿ ಖರ್ಚು ಮಾಡಬೇಕು. ಸಾಲದ ಭಾರದಿಂದ ಅದು ಮುಷ್ಟಿ ಬಿಗಿಹಿಡಿಯಬೇಕಾಯಿತು. ಬರ 1878ಕ್ಕೆ ಮುಗಿದರೂ ಅದರ ಬಾಕಿ ಮುಗಿಯಲಿಲ್ಲ. ಸಾಲ ಎಂಬುದು ಪೆಟ್ಟನ್ನು ಮುಂದಕ್ಕೆ ಹಾಕುತ್ತದೆ, ಹಂಚುವುದಿಲ್ಲ ಎಂಬುದು ಧಾತು ಈಶ್ವರದ ಮೊದಲ ಪಾಠ.

ಅದೇ ಮನುಷ್ಯ, ಅದೇ ಬೊಕ್ಕಸ

ಹಣವಿದ್ದರೆ ಸಾಲದು, ಕೊಡುವ ಮನಸ್ಸೂ ಬೇಕು. ಇದಕ್ಕೆ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆಯೇ ಸಾಕ್ಷಿ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿ ಹಂಚಿದರು. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಆದರೆ ‘ಇಷ್ಟೊಂದು ದುಂದುವೆಚ್ಚ ಯಾಕೆ’ ಎಂಬ ಟೀಕೆಯನ್ನೂ ಅವರು ಕೇಳಬೇಕಾಯಿತು.

ಮೂರು ವರ್ಷ ಕಳೆಯಿತು. 1877ರ ಆರಂಭದಲ್ಲಿ ಅದೇ ಟೆಂಪಲ್ ಅವರನ್ನು ದಕ್ಷಿಣದ ಬರ ನೋಡಲು ಕಳುಹಿಸಿದರು. ಈ ಸಲ ಬಂದದ್ದು ಖರ್ಚು ಹಿಡಿತದಲ್ಲಿಡಬೇಕೆಂಬ ಸೂಚನೆಯೊಂದಿಗೆ. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಸ್ವಲ್ಪ ಕಾಸು ಸಾಕು ಎಂದರು. ಒಂದು ಪೌಂಡ್ ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳ ಮೇಲೆ ಅಲ್ಲಿ ಕೂಲಿ ಹೆಚ್ಚಿಸಲೂಬೇಕಾಯಿತು. ಆ ಹೊತ್ತಿಗೆ ಹೋದ ಜೀವಗಳು ಹೋಗಿದ್ದವು. ಅಧಿಕಾರಿ ಬದಲಾಗಿರಲಿಲ್ಲ, ಬೊಕ್ಕಸವೂ ಬದಲಾಗಿರಲಿಲ್ಲ. ಬದಲಾದದ್ದು ಮೇಲಿನವರ ಮರ್ಜಿ. ಮರ್ಜಿಯ ಮೇಲೆ ನಿಂತ ನೆರವು ನೆಚ್ಚಿಕೊಳ್ಳುವ ನೆರವಲ್ಲ. ಅದಕ್ಕೊಂದು ಕಟ್ಟಳೆ ಬೇಕು. ಇದು ಎರಡನೇ ಪಾಠ.

ಎತ್ತಿಟ್ಟ ಹಣಕ್ಕೆ ಕಾವಲು

ಮಹಾ ಕ್ಷಾಮದ ನಂತರ ಸರ್ಕಾರಕ್ಕೂ ಕಣ್ಣು ತೆರೆಯಿತು. 1878ರಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯಂತೆ ಕ್ಷಾಮ ವಿಮಾ ಹಣ ಎತ್ತಿಡುವ ಯೋಜನೆ ಹೊರಟಿತು. ಅದಕ್ಕಾಗಿ ಹೊಸ ತೆರಿಗೆಗಳೂ ಬಂದವು. ಯೋಚನೆ ಒಳ್ಳೆಯದೇ. ಆದರೆ ಅಷ್ಟರಲ್ಲಿ ಅಫ್ಘನ್ ಯುದ್ಧ ಬಂತು, ಬರಕ್ಕೆಂದು ಎತ್ತಿಟ್ಟ ಹಣ ಯುದ್ಧದ ಖರ್ಚಿನಲ್ಲಿ ಸೇರಿಹೋಯಿತು. ಜನ ತೆರಿಗೆ ಕೊಟ್ಟದ್ದು ಒಂದಕ್ಕೆ, ಹೋದದ್ದು ಇನ್ನೊಂದಕ್ಕೆ. ಆಪದ್ಧನಕ್ಕೆ ಕಾವಲಿಲ್ಲದಿದ್ದರೆ ಹೀಗೇ. ಇದು ಮೂರನೇ ಪಾಠ.

1880ರಲ್ಲಿ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ ವರದಿ ಕೊಟ್ಟಿತು. 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಬರದ ಲಕ್ಷಣ ಕಂಡರೆ ಯಾವ ಅಧಿಕಾರಿ ಏನು ಮಾಡಬೇಕು, ಯಾವಾಗ ಪರೀಕ್ಷಾರ್ಥ ಕಾಮಗಾರಿ ತೆರೆಯಬೇಕು, ಕೂಲಿ ಎಷ್ಟು ಎಂಬುದೆಲ್ಲ ಬರಹಕ್ಕೆ ಇಳಿಯಿತು. ಮರ್ಜಿ ಇದ್ದ ಜಾಗಕ್ಕೆ ನಿಯಮ ಬಂತು. ಹಾಗಿದ್ದೂ 1943ರಲ್ಲಿ ಬಂಗಾಳದಲ್ಲಿ ಕ್ಷಾಮ ಬಂದಾಗ ಆ ಸಂಹಿತೆಯ ಪ್ರಕಾರ ಕ್ಷಾಮವೆಂದು ಘೋಷಿಸಲೇ ಇಲ್ಲ, ಲಕ್ಷಾಂತರ ಜನ ಸತ್ತರು. ಪುಸ್ತಕದಲ್ಲಿರುವ ನಿಯಮವನ್ನು ಜಾರಿಮಾಡಿಸಲು ಕೇಳುವ ಬಾಯಿ ಬೇಕು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಸ್ವಾತಂತ್ರ್ಯ ಬಂದ ಮೇಲೆ ಆ ಬಾಯಿ ಜನಕ್ಕೆ ಸಿಕ್ಕಿತು. ನಮ್ಮ ಸಂವಿಧಾನದ 280ನೇ ವಿಧಿಯಂತೆ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ನೇಮಕವಾಗುತ್ತದೆ. ದೇಶದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂದು ಶಿಫಾರಸು ಮಾಡುವುದು ಅದರ ಕೆಲಸ. ಮೊದಲ ಆಯೋಗ 1951ರಲ್ಲಿ ಕೆ. ಸಿ. ನಿಯೋಗಿ ಅವರ ಅಧ್ಯಕ್ಷತೆಯಲ್ಲಿ ಬಂತು. ಕೆ. ಸಂತಾನಂ ಅಧ್ಯಕ್ಷತೆಯ ಎರಡನೇ ಆಯೋಗ, ಪ್ರಕೃತಿ ವಿಕೋಪದ ಖರ್ಚಿಗಾಗಿ ಪ್ರತಿ ರಾಜ್ಯವೂ ಮೊದಲೇ ಒಂದಿಷ್ಟು ಹಣ ಎತ್ತಿಡುವ ಪದ್ಧತಿ ತಂದಿತು. ಎನ್. ಕೆ. ಪಿ. ಸಾಳ್ವೆ ಅಧ್ಯಕ್ಷತೆಯ ಒಂಬತ್ತನೇ ಆಯೋಗದ ಶಿಫಾರಸಿನಂತೆ 1990ರಲ್ಲಿ ವಿಕೋಪ ಪರಿಹಾರ ನಿಧಿ ಹುಟ್ಟಿತು. ವರ್ಷಕ್ಕೆ 804 ಕೋಟಿ ರೂ., ಅದರಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯಗಳದ್ದು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇಲೆ ಇದೇ ಏರ್ಪಾಡು ರಾಜ್ಯ ವಿಪತ್ತು ಪರಿಹಾರ ನಿಧಿ, ಅದರ ಕೈಲಾಗದಾಗ ರಾಷ್ಟ್ರೀಯ ನಿಧಿ ಎಂದು ಎರಡು ಮಟ್ಟದ್ದಾಯಿತು. ನಮ್ಮ ಸಹಕಾರ ವ್ಯವಸ್ಥೆಯಲ್ಲಿ ಹಳ್ಳಿಯ ಸಂಘ, ಜಿಲ್ಲಾ ಬ್ಯಾಂಕು, ಅಪೆಕ್ಸ್ ಬ್ಯಾಂಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಇದೆಯಲ್ಲ, ಹೆಚ್ಚುಕಡಿಮೆ ಹಾಗೆಯೇ.

ಮುಂಬಯಿಯ ಸಂಬಳ, ಹಳ್ಳಿಯ ಕೂಲಿ

ಹಂಚಿಕೊಂಡ ಬೊಕ್ಕಸ ಸರಿಯಾಗಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಮಹಾರಾಷ್ಟ್ರದ ಉದಾಹರಣೆ ಕೊಡಬೇಕು. 1972-73ರಲ್ಲಿ ಅಲ್ಲಿ ಭೀಕರ ಬರ. ಗಡಿಯ ಈಚೆ ನಮ್ಮ ವಿಜಾಪುರ, ಗುಲ್ಬರ್ಗಾ ಕಡೆಯೂ ಅದರ ಬಿಸಿ ತಟ್ಟಿತ್ತು. ಮಹಾರಾಷ್ಟ್ರ ಸರ್ಕಾರ ಊರೂರಲ್ಲಿ ಕಾಮಗಾರಿ ತೆರೆಯಿತು. ರಸ್ತೆ, ಇಂಗುಕೆರೆ, ಬದು, ಜಲ್ಲಿ ಒಡೆಯುವ ಕೆಲಸ. 1973ರ ಬೇಸಿಗೆಯಲ್ಲಿ ಒಂದು ಹಂತಕ್ಕೆ ಸುಮಾರು ಐವತ್ತು ಲಕ್ಷ ಜನ ಈ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಮಳೆ ಹೋಗಿತ್ತು, ಬೆಳೆ ಹೋಗಿತ್ತು. ಆದರೆ ಕೈಯಲ್ಲಿ ಕೂಲಿ ಇತ್ತು. ಕೂಲಿ ಇದ್ದದ್ದರಿಂದ ಅಂಗಡಿಗೆ ಧಾನ್ಯ ಬಂತು. ಕಷ್ಟ ಬಹಳ ಇತ್ತು, ಆದರೆ ಧಾತು ಈಶ್ವರದಲ್ಲಿ ಆದಂತೆ ಊರೂರು ಬರಿದಾಗಲಿಲ್ಲ.

ಬರ ಮುಗಿದ ಮೇಲೆ ಅವರು ಮರೆತು ಕೂರಲಿಲ್ಲ. ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ವಿ. ಎಸ್. ಪಾಗೆ ಅವರು 1965ರಲ್ಲೇ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನಲ್ಲಿ ಪ್ರಯೋಗ ಮಾಡಿ ನೋಡಿದ್ದ ಉದ್ಯೋಗ ಖಾತರಿ ಯೋಜನೆ ಇತ್ತು. ಅದನ್ನು 1977ರಲ್ಲಿ ಕಾಯಿದೆ ಮಾಡಿ 1979ರಲ್ಲಿ ಜಾರಿಗೆ ತಂದರು. ಕೆಲಸ ಕೇಳಿದವರಿಗೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕು.

ದುಡ್ಡು ಎಲ್ಲಿಂದ ಬಂತು ಅಂತೀರಾ? 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ಮುಂಬಯಿ, ಪುಣೆಗಳಂಥ ಪಟ್ಟಣದ ಸಂಬಳದಾರರು, ವ್ಯಾಪಾರಿಗಳು ಕೊಟ್ಟ ಈ ತೆರಿಗೆ ಮತ್ತು ಇನ್ನು ಕೆಲವು ಬಾಬುಗಳ ಹಣಕ್ಕೆ ಸರ್ಕಾರ ಅಷ್ಟೇ ಮೊತ್ತ ಸೇರಿಸಿ ಖಾತರಿ ಯೋಜನೆಗೆ ಎತ್ತಿಟ್ಟಿತು. ಮುಂಬಯಿಯ ಆಫೀಸಿನಲ್ಲಿ ಕೂತವನ ಸಂಬಳ ಬೀಡಿನಲ್ಲಿ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ನಿಂತಿರಲಿಲ್ಲ. ಅದಕ್ಕೇ ಆ ದುಡ್ಡು ಬೀಡಿನ ಕೂಲಿಯವನ ಆಪತ್ತಿಗೆ ಒದಗಿತು. ಒಂದೇ ಕಷ್ಟಕ್ಕೆ ಸಿಕ್ಕದ ಇಬ್ಬರು ಒಂದೇ ಗಂಟಿಗೆ ಹಣ ಹಾಕುವುದರಲ್ಲೇ ಇದರ ಗುಟ್ಟಿದೆ. ಈ ಕಾಯಿದೆಯ ಅನುಭವವೇ ಮುಂದೆ 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯಿದೆಗೆ ದಾರಿ ಮಾಡಿತು. 2020ರಲ್ಲಿ ಕೊರೊನಾ ಬಂದು ಪಟ್ಟಣದ ಕೆಲಸ ಕಳೆದುಕೊಂಡವರು ಊರಿಗೆ ವಾಪಸ್ಸಾದಾಗ ಕೇಂದ್ರ ಸರ್ಕಾರ ಆ ಯೋಜನೆಗೆ ಮುಂಗಡ ಪತ್ರದ 61,500 ಕೋಟಿಯ ಮೇಲೆ ಇನ್ನೂ 40,000 ಕೋಟಿ ರೂ. ಸೇರಿಸಿತು. ಆ ಸಲ ಪೆಟ್ಟು ಬಿದ್ದದ್ದು ಪಟ್ಟಣಕ್ಕೆ, ಆಸರೆ ಕೊಟ್ಟದ್ದು ಹಳ್ಳಿಯ ಬದು, ಕೆರೆಯ ಕೆಲಸ.

ಅದೇ ವರ್ಷ ಜಿ.ಎಸ್.ಟಿ. ವಸೂಲಿ ಬಿದ್ದು ರಾಜ್ಯಗಳಿಗೆ ಕೊಡಬೇಕಾದ ಪರಿಹಾರಕ್ಕೆ ಹಣ ಸಾಲದಾಯಿತು. ಕೇಂದ್ರವೇ 1.10 ಲಕ್ಷ ಕೋಟಿ ರೂ. ಸಾಲ ಎತ್ತಿ ರಾಜ್ಯಗಳಿಗೆ ದಾಟಿಸಿತು. ಇದೂ ಸಾಲವೇ ಅಲ್ಲವೇ ಎನ್ನಬಹುದು. ವ್ಯತ್ಯಾಸ ತೀರಿಸುವವರಲ್ಲಿದೆ. 1881ರ 80 ಲಕ್ಷವನ್ನು ತೀರಿಸಬೇಕಾದದ್ದು ಬರದಲ್ಲಿ ನೊಂದ ಮೈಸೂರೇ. 2020ರ ಸಾಲದ ಅಸಲು, ಬಡ್ಡಿ ಎರಡನ್ನೂ ಇಡೀ ದೇಶದಿಂದ ವಸೂಲಾಗುವ ಸೆಸ್ಸಿನಿಂದ ತೀರಿಸುವುದೆಂದು ಗೊತ್ತುಮಾಡಿದರು.

ತಡವಾದ ಅನ್ನ

ಎಲ್ಲ ಸರಿಹೋಯಿತು ಅಂತ ಹೇಳಲು ಬರುವುದಿಲ್ಲ. 2023ರ ಮುಂಗಾರು ಕೈಕೊಟ್ಟಾಗ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಘೋಷಣೆ ಶುರುವಾದದ್ದು ಸೆಪ್ಟೆಂಬರ್‌ನಲ್ಲಿ. ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂ. ತಿಂಗಳುಗಳು ಕಳೆದವು. 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತಾಗಿ ರೈತರಿಗೆ 2,000 ರೂ.ವರೆಗೆ ಕೊಡಲು ಹೊರಟಿತು. ಮಾರ್ಚ್‌ನಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ರೂ. ಬಿಡುಗಡೆಯಾಯಿತು. ಕೇಳಿದ್ದು ಹೆಚ್ಚೋ ಕೊಟ್ಟದ್ದು ಕಡಿಮೆಯೋ ಎಂಬ ವಾದವನ್ನು ಪಕ್ಷದವರಿಗೆ ಬಿಡೋಣ. ರೈತನ ಲೆಕ್ಕ ಬೇರೆ. ಸೆಪ್ಟೆಂಬರ್‌ನಲ್ಲಿ ಒಣಗಿದ ಬೆಳೆಗೆ ಏಪ್ರಿಲ್‌ನಲ್ಲಿ ಹಣ ಬರುವಷ್ಟರಲ್ಲಿ ಅವನು ಬಡ್ಡಿಗೆ ತಂದಾಗಿರುತ್ತದೆ, ಹಸು ಮಾರಿ ಆಗಿರುತ್ತದೆ. ಹಸಿದಾಗ ಬಾರದ ಅನ್ನ ಉಂಡಾದ ಮೇಲೆ ಬಂದರೆ ಏನು ಪ್ರಯೋಜನ? ಹೊತ್ತಿಗೆ ಒದಗುವುದು ಹಣದಷ್ಟೇ ಮುಖ್ಯ ಎಂಬುದು ನಾಲ್ಕನೇ ಪಾಠ.

ಇನ್ನೊಂದು ಮಾತೂ ಕೇಳಿಬರುತ್ತದೆ. ಕೇಂದ್ರದ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ. 4.713 ಇದ್ದದ್ದು 15ನೆಯದರ 2021-26ರ ಅವಧಿಗೆ ಶೇ. 3.647ಕ್ಕೆ ಇಳಿಯಿತು. ‘ನಾವು ಕೊಡೋದು ಜಾಸ್ತಿ, ನಮಗೆ ಬರೋದು ಕಡಿಮೆ’ ಎಂಬ ದೂರು ಸುಳ್ಳಲ್ಲ. ಪಾಲು ನ್ಯಾಯವಾಗಿರಬೇಕೆಂದು ಕೇಳುವುದು ನಮ್ಮ ಹಕ್ಕು. ಆದರೆ ಅದೇ ಮಾತನ್ನು ಬೆಂಗಳೂರಿನವರು ಹೇಳಿದರೆ? ‘ರಾಜ್ಯದ ತೆರಿಗೆ ನಮ್ಮಲ್ಲಿ ಹುಟ್ಟುತ್ತೆ, ರಾಯಚೂರು, ಪಾವಗಡಕ್ಕೆ ಯಾಕೆ ಕೊಡಬೇಕು’ ಅಂದರೆ ನಮ್ಮ ಉತ್ತರವೇನು? ಅದರಿಂದ ಜಗಳ ಪಾಲು ಎಷ್ಟು ಎಂಬುದಕ್ಕೆ ಇರಲಿ, ಗಂಟೇ ಬೇಡ ಎಂಬುದಕ್ಕೆ ಬೇಡ. ಗಂಟು ಬಿಚ್ಚಿಕೊಂಡು ಅವರವರ ಪಾಲು ಅವರವರು ಒಯ್ದರೆ ಮತ್ತೆ 1876ರ ಮೈಸೂರಿನ ಹಾಗೆ 63 ಲಕ್ಷ ಹಿಡಿದುಕೊಂಡು ಒಬ್ಬರೇ ಬರದ ಎದುರು ನಿಲ್ಲಬೇಕಾಗುತ್ತದೆ.

ಸಂಘಕ್ಕೆ ಏನು ಪಾಠ

ಕನ್ನಡ ನಾಡಿನಲ್ಲಿ ಸಹಕಾರದ ಬೀಜ ಬಿದ್ದದ್ದು 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ. ಅದೂ ಬರ, ಸಾಲಗಳಿಂದ ಬೆಂದಿದ್ದ ಬಯಲುಸೀಮೆಯೇ. ಅವರಿಗೆ ಒಬ್ಬೊಬ್ಬರೇ ನಿಂತರೆ ಆಗುವುದಿಲ್ಲ ಎಂದು ಗೊತ್ತಿತ್ತು. ನಮಗೂ ಗೊತ್ತಿರಬೇಕು.

ಮೊದಲನೆಯದಾಗಿ, ಆಪದ್ಧನವನ್ನು ಒಳ್ಳೆ ವರ್ಷದಲ್ಲೇ ಕಟ್ಟಬೇಕು. ಬರ ಬಂದ ಮೇಲೆ ಕಟ್ಟಲು ಯಾರ ಹತ್ತಿರವೂ ಇರುವುದಿಲ್ಲ. ಎರಡನೆಯದಾಗಿ, ಅದನ್ನು ಬೇರೆ ಖರ್ಚಿಗೆ ತೆಗೆಯದಂತೆ ಸದಸ್ಯರೇ ಕಾವಲಿರಬೇಕು. ಅಢಾವೆ ಪತ್ರಿಕೆ ಕೈಗೆ ಬಂದಾಗ ಡಿವಿಡೆಂಡಿನ ಸಾಲಿನ ಜೊತೆ ಆಪದ್ಧನದ ಸಾಲನ್ನೂ ಓದಬೇಕು. ಮೂರನೆಯದಾಗಿ, ನಮ್ಮ ಸಂಘ ಎಷ್ಟೇ ಗಟ್ಟಿಯಾಗಿದ್ದರೂ ಇಡೀ ಹೋಬಳಿಗೆ ಮಳೆ ಹೋದರೆ ಒಂಟಿಯಾಗಿ ತಡೆಯಲಾರದು. ಜಿಲ್ಲಾ ಬ್ಯಾಂಕಿಗೆ ಸಕಾಲದಲ್ಲಿ ಸಾಲ ಮರುಪಾವತಿ ಮಾಡುವ ಸದಸ್ಯ, ತನಗೆ ಗೊತ್ತಿಲ್ಲದೆಯೇ ಇನ್ನೊಂದು ತಾಲ್ಲೂಕಿನ ಬರಗಾಲದ ರೈತನಿಗೆ ನೆರವಾಗುತ್ತಿರುತ್ತಾನೆ. ನಮ್ಮ ಸರದಿ ಬಂದಾಗ ಅವನ ಹಣ ನಮಗೆ ಬರುತ್ತದೆ. ಇದೂ ಮುಯ್ಯಾಳೇ, ಮುಖ ನೋಡದ ಮುಯ್ಯಾಳು.

ಕೊನೆಯದಾಗಿ ಒಂದು ಕೈಗೆಟುಕುವ ಕೆಲಸ. ಎಷ್ಟೇ ದೊಡ್ಡ ಬೊಕ್ಕಸವಿದ್ದರೂ ಅದರ ಹಣ ನಮ್ಮೂರಿಗೆ ಬರುವುದು ನಮ್ಮೂರಿನ ಕಾಗದದ ದಾರಿಯಲ್ಲಿ. 2024ರಲ್ಲಿ ಪರಿಹಾರ ನೇರ ಖಾತೆಗೆ ಬಂದಾಗ ಫ್ರೂಟ್ಸ್ ನೋಂದಣಿ ಇಲ್ಲದವರು, ಪಹಣಿಯಲ್ಲಿ ಬೆಳೆ ತಪ್ಪಾಗಿ ನಮೂದಾದವರು ಪರದಾಡಬೇಕಾಯಿತು. ಬೆಳೆ ಸಮೀಕ್ಷೆಗೆ ಬಂದವರಿಗೆ ಹೊಲ ತೋರಿಸಿ, ಬೆಳೆದದ್ದನ್ನೇ ಬರೆಸಿ. ಓದು ಬರಹ ಬಾರದ ಸದಸ್ಯರಿಗೆ ಸಂಘದ ಕಚೇರಿಯಲ್ಲೇ ಈ ಕೆಲಸ ಮಾಡಿಕೊಡುವಂತಾದರೆ ರಜತ ಮಹೋತ್ಸವದ ಚಪ್ಪರಕ್ಕಿಂತ ಹೆಚ್ಚಿನ ಶೋಭೆ ಅದರಿಂದ ಬರುತ್ತದೆ.

ಸಂಘ ಸುವರ್ಣ ಮಹೋತ್ಸವ ಕಾಣಲಿ, ಆ ಸಂಚಿಕೆ ಓದುವವರ ಕಾಲಕ್ಕೆ ನಮ್ಮ ಆಪದ್ಧನದ ಗಂಟು ಇನ್ನೂ ಗಟ್ಟಿಯಾಗಿರಲಿ ಎಂದು ಹಾರೈಸುತ್ತೇವೆ.